ಹಾಡುಳಿದು ಹೆಸರಳಿದವನು: ಐರಿಷ್ ನಾಟಕಕಾರ ಎಡ್ಮಂಡ್ ಫಾಲ್ಕನರನ ಚರಿತ್ರಶೋಧನೆ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

ಈ ಗೋಷ್ಠಿಯಲ್ಲಿ ಶರಣರ ಚರಿತ್ರೆಯನ್ನೂ ವಚನಗಳ ಸ್ವಾರಸ್ಯವನ್ನೂ ಕುರಿತು ಬಲ್ಲವರು ಮಾತನಾಡಿರುವರು. ಇನ್ನು ಮುಂದೆಯೂ ಮಾತನಾಡುವರು. ನನ್ನ ಪಾಲಿಗೆ ಬಂದಿರುವ ವಿಷಯವಾದರೋ ಕಡಲಾಚೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಲಂಡನ್ ನಗರದ ನಾಟಕಶಾಲೆಗಳಲ್ಲಿ ನಟನೂ ನಾಟಕಕಾರನೂ ಗೀತಕಾರನೂ ಆಗಿ ಬಾಳಿ, ಈಗ ಬಹುಮಟ್ಟಿಗೆ ಮರೆತುಹೋಗಿರುವ ಒಬ್ಬನ ಜೀವಿತವನ್ನು ಶೋಧಿಸುವ ಬಗೆ ಹೇಗೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಎಲ್ಲ ಕಾಲದಲ್ಲಿಯೂ ಇರುವರು. ಸಾಮಾನ್ಯನಾದ ಒಬ್ಬ ಕೆಲಸಗಾರನ ಬಾಳು ನೂರೈವತ್ತು ವರ್ಷಗಳಾದ ಮೇಲೆ ಎಷ್ಟು ಉಳಿಯುತ್ತದೆ, ಯಾರಿಂದ ಉಳಿಯುತ್ತದೆ, ಏಕೆ ಅಳಿಯುತ್ತದೆ ಎಂಬುದನ್ನು ವಿಚಾರಿಸುವುದು ಹಳೆಯ ಓಲೆ ಕಡತಗಳನ್ನು ಕಾಪಾಡಿಕೊಂಡು ಬಂದಿರುವ ಸ್ಥಳದಲ್ಲಿ ಅಪ್ರಸ್ತುತವಾಗಲಾರದೆಂದು ನಂಬಿರುವೆನು.

ಆತನ ಹೆಸರು ಎಡ್ಮಂಡ್ ಫಾಲ್ಕನರ್. ತಮ್ಮಲ್ಲಿ ಹೆಚ್ಚು ಮಂದಿ ಈ ಹೆಸರನ್ನು ಕೇಳಿರಲಾರಿರಿ. ಅವನ ಸ್ವದೇಶದಲ್ಲಿಯೂ ಅದನ್ನು ಬಲ್ಲವರು ಇಂದು ವಿರಳ. ಆದರೆ ಅವನು ಕಟ್ಟಿದ ‘ಕಿಲಾರ್ನಿ’ ಎಂಬ ಹಾಡನ್ನು ಐರಿಷ್ ಜನರು ನೆಲಸಿದ ದೇಶದೇಶಗಳಲ್ಲಿ ತಲೆಮಾರುಗಳ ಕಾಲ ಹಾಡುತ್ತಾ ಬಂದರು. ಹಾಡು ಬದುಕಿತು, ಹಾಡನ್ನು ಕೊಟ್ಟವನು ಮರೆಯಾದನು. ಈ ವೈಚಿತ್ರ್ಯವೇ ನಮ್ಮ ಶೋಧನೆಗೆ ಮೂಲ.

ಮೊದಲು ನಿಶ್ಚಿತವಾದ ಸಂಗತಿಗಳನ್ನು ಸಂಗ್ರಹವಾಗಿ ಹೇಳಿಬಿಡುವೆನು. ಫಾಲ್ಕನರನು ಸುಮಾರು ೧೮೧೪ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ರಂಗವನ್ನೇರಿ, ಬಹುಕಾಲ ರಾಜಧಾನಿಯಿಂದ ದೂರದ ಊರುಗಳ ನಾಟಕಶಾಲೆಗಳಲ್ಲಿ ಪಾತ್ರಧಾರಿಯಾಗಿದ್ದು, ವಯಸ್ಸು ನಾಲ್ವತ್ತನ್ನು ದಾಟಿದ ಮೇಲೆ, ೧೮೫೬ರಲ್ಲಿ, ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ನಾಟಕಕಾರನಾಗಿ ಕಾಣಿಸಿಕೊಂಡನು. ೧೮೫೭ರಲ್ಲಿ ‘ರೋಸ್ ಆಫ್ ಕ್ಯಾಸ್ಟೀಲ್’, ೧೮೫೮ರಲ್ಲಿ ‘ಸಟಾನೆಲ್ಲಾ’ ಎಂಬ ಎರಡು ಗೀತನಾಟಕಗಳಿಗೆ ಆಗಸ್ಟಸ್ ಹ್ಯಾರಿಸನೊಡನೆ ಕೂಡಿ ಸಾಹಿತ್ಯವನ್ನು ರಚಿಸಿದನು. ಅವುಗಳ ಸಂಗೀತವು ಡಬ್ಲಿನ್ನಿನಲ್ಲಿಯೇ ಹುಟ್ಟಿದ ಮೈಕೇಲ್ ಬಾಲ್ಫನದು. ೧೮೬೦ರಲ್ಲಿ ಡಯನ್ ಬೂಸಿಕೋವಿನ ‘ಕಾಲೀನ್ ಬಾನ್’ ನಾಟಕವು ಲಂಡನ್ನಿಗೆ ಬಂದಾಗ ಅದರಲ್ಲಿ ಡ್ಯಾನಿ ಮ್ಯಾನ್ ಎಂಬ ಸೇವಕನ ಪಾತ್ರವನ್ನು ವಹಿಸಿ ಹೆಸರು ಪಡೆದನು. ೧೮೬೧ನೆಯ ನವೆಂಬರ್ ೯ರಂದು ಲೈಸಿಯಂನಲ್ಲಿ ಅವನದೇ ಆದ ‘ಪೀಪ್ ಓ ಡೇ’ ಪ್ರಾರಂಭವಾಯಿತು. ಬಾನಿಂ ಸೋದರರ ಕಥೆಯೊಂದನ್ನು ಆಧರಿಸಿದ ಈ ನಾಟಕವು ಮರುವರ್ಷವೆಲ್ಲ ನಡೆಯಿತು. ೧೮೬೨ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಪ್ರದರ್ಶನವು ನೆರೆದಿದ್ದುದರಿಂದ ನಗರಕ್ಕೆ ಬಂದ ಅಪಾರ ಜನಸಂದಣಿಯೂ ಅದಕ್ಕೆ ಅನುಕೂಲವಾಯಿತು.

ಹೀಗೆ ಕೂಡಿದ ಹಣ ನಿಲ್ಲಲಿಲ್ಲ. ೧೮೬೨ರ ಕೊನೆಯಿಂದ ಚಾಟರ್ಟನ್ ಎಂಬವನೊಡನೆ ಪಾಲುಗಾರನಾಗಿ ಡ್ರೂರಿ ಲೇನ್ ಎಂಬ ಮಹಾನಾಟಕಶಾಲೆಯನ್ನು ಗುತ್ತಿಗೆ ಹಿಡಿದನು. ಅಲ್ಲಿ ಬೈರನ್ ಕವಿಯ ‘ಮ್ಯಾನ್‌ಫ್ರೆಡ್’ ಮೊದಲಾದ ವೆಚ್ಚದ ನಾಟಕಗಳು ರಂಗವನ್ನು ಕಂಡವು. ಫಾಲ್ಕನರನ ಗಂಟು ಅಲ್ಲಿಯೇ ಕರಗಿತು. ೧೮೬೬ರಲ್ಲಿ ಮತ್ತೊಂದು ದೊಡ್ಡ ನಾಟಕಶಾಲೆಯಲ್ಲಿ ‘ಊನಾ’ ಎಂಬ ನಾಟಕವನ್ನಾಡಿಸಿ ಸೋತು, ಅಮೆರಿಕೆಗೆ ಹೋಗಿ ಕೆಲವು ವರ್ಷವಿದ್ದು, ಹಿಂದಿರುಗಿ ಇನ್ನೂ ಕೆಲವು ನಾಟಕಗಳನ್ನು ಬರೆದನು. ೧೮೭೯ನೆಯ ಸೆಪ್ಟೆಂಬರ್ ೨೯ರಂದು ಲಂಡನ್ನಿನಲ್ಲಿ ಕಾಲವಾದನು. ಅವನು ಸತ್ತು ಹತ್ತು ವರ್ಷಗಳಾದ ಮೇಲೆ, ೧೮೮೯ರಲ್ಲಿ, ಇಂಗ್ಲೆಂಡಿನ ರಾಷ್ಟ್ರೀಯ ಜೀವನಚರಿತ್ರ ಕೋಶದ ೧೮ನೆಯ ಸಂಪುಟದಲ್ಲಿ ಅವನನ್ನು ಕುರಿತ ಚಿಕ್ಕ ಲೇಖನವು ಅಚ್ಚಾಯಿತು. ಆ ಬಳಿಕ ಅವನ ವಿಷಯವನ್ನು ಬರೆದವರೆಲ್ಲರೂ ಬಹುಮಟ್ಟಿಗೆ ಆ ಲೇಖನದ ಸುತ್ತಲೇ ತಿರುಗಿರುವರು.

ಈ ಚೌಕಟ್ಟನ್ನು ದಾಟಿ ಮುಂದಕ್ಕೆ ಹೋಗಬೇಕೆಂಬವನಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ‘ಫಾಲ್ಕನರ್’ ಎಂದರೆ ಬೇಟೆಯ ಗಿಡುಗವನ್ನು ಪಳಗಿಸುವವನು. ಅದು ರಂಗಕ್ಕಾಗಿ ತೊಟ್ಟ ಹೆಸರು. ತಂದೆಯಿಂದ ಬಂದ ಹೆಸರು ಓರೂರ್ಕ್. ಆ ಕಾಲದ ನಟರಲ್ಲಿ ಹೆಸರನ್ನು ಬದಲಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಆದುದರಿಂದ ಶೋಧಕನು ಒಬ್ಬ ಮನುಷ್ಯನನ್ನು ಎರಡು ಹೆಸರುಗಳಲ್ಲಿ ಹುಡುಕಬೇಕು. ನಾಟಕದ ಭಿತ್ತಿಪತ್ರದಲ್ಲಿ ಒಂದು ಹೆಸರಿದ್ದರೆ, ದಾಖಲೆಯ ಪುಸ್ತಕದಲ್ಲಿ ಇನ್ನೊಂದು ಇರಬಹುದು. ಅಲ್ಲದೆ ಓರೂರ್ಕ್ ಎಂಬ ಐರಿಷ್ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬಗೆಬಗೆಯಾಗಿ ಬರೆಯುತ್ತಿದ್ದರು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಓರೂರ್ಕರು ಬ್ರೆಫ್ನಿ ಎಂಬ ನಾಡಿನ ಪ್ರಾಚೀನ ಒಡೆಯರು. ೧೧೫೨ರಲ್ಲಿ ಆ ವಂಶದ ಟಿಯರ್ನನ್ ಎಂಬ ಒಡೆಯನ ಹೆಂಡತಿಯನ್ನು ಲೆನ್‌ಸ್ಟರಿನ ಅರಸನು ಕರೆದೊಯ್ದುದನ್ನೂ, ಅದರಿಂದ ಬೆಳೆದ ವೈರದ ಫಲವಾಗಿಯೇ ಮುಂದೆ ಪರರ ಸೇನೆ ದ್ವೀಪಕ್ಕೆ ಬಂದಿತೆಂಬುದನ್ನೂ ಐರಿಷ್ ಜನರು ತಮ್ಮ ಪರಾಧೀನತೆಯ ಮೂಲಕಥೆಯಾಗಿ ಹೇಳುತ್ತಾ ಬಂದಿರುವರು. ರಂಗದ ಮೇಲೆ ಓರೂರ್ಕನೆಂಬ ಹೆಸರನ್ನು ಮರೆಸಿದ್ದ ಫಾಲ್ಕನರನು, ಡ್ರೂರಿ ಲೇನಿನ ನಷ್ಟಗಳ ನಡುವೆ, ೧೮೬೫ರಲ್ಲಿ ‘ಓರೂರ್ಕನ ವಧು’ ಎಂಬ ಹೆಸರಿನ ಕವಿತೆಯನ್ನು ಅಚ್ಚು ಹಾಕಿಸಿದನು! ಇದರಿಂದ ಅವನು ಆ ರಾಜವಂಶದವನೆಂದು ಸಾಧಿಸಹೊರಡುವುದು ಅವಿವೇಕ. ಜೀವನೋಪಾಯಕ್ಕಾಗಿ ಮರೆಸಿದ ಹೆಸರನ್ನು ಮನಸ್ಸು ಮರೆತಿರಲಿಲ್ಲವೆಂಬಷ್ಟನ್ನು ಮಾತ್ರ ಹೇಳಬಹುದು. ಚರಿತ್ರೆಯು ಎಲ್ಲಿ ನಿಲ್ಲಬೇಕು, ಕಥೆಯು ಎಲ್ಲಿ ಮೊದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ವಚನವಾಙ್ಮಯವನ್ನು ವ್ಯಾಸಂಗ ಮಾಡಿದವರಿಗೆ ಈ ತೊಡಕು ಹೊಸದಲ್ಲ. ಅಂಕಿತವೊಂದೇ ಉಳಿದು, ಅಂಕಿತವನ್ನಿಟ್ಟವರ ಹೆಸರೂ ಊರೂ ತಿಳಿಯದ ವಚನಗಳು ನಮ್ಮಲ್ಲಿ ಎಷ್ಟಿಲ್ಲ! ಆರ್. ನರಸಿಂಹಾಚಾರ್ಯರು ೧೯೦೭, ೧೯೧೯, ೧೯೨೯ರಲ್ಲಿ ಹೊರತಂದ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ಕವಿಯ ಸ್ವಂತ ಮಾತು, ಮುಂದಿನ ಕವಿಗಳ ಸ್ಮರಣೆ, ಶಾಸನದ ಉಲ್ಲೇಖ ಇವುಗಳನ್ನು ಬೇರೆಬೇರೆಯಾಗಿ ತೂಗಿ ಕಾಲವನ್ನು ನಿರ್ಣಯಿಸಲು ಯತ್ನಿಸಿರುವರು. ಸಾಕ್ಷಿ ಯಾರದು, ಅದು ಯಾವ ಉದ್ದೇಶದಿಂದ ಹುಟ್ಟಿತು ಎಂದು ಮೊದಲು ಕೇಳುವ ಆ ಕ್ರಮವೇ ಡಬ್ಲಿನ್ನಿನ ನಟನಿಗೂ ಸಲ್ಲುವುದು.

ಇನ್ನು ಹುಟ್ಟಿನ ವಿಚಾರ. ೧೮೧೪ರ ಸುಮಾರಿಗೆ ಹುಟ್ಟಿದ ಮಗುವು ೧೮೨೧ರ ಐರಿಷ್ ಜನಗಣತಿಯ ಕಾಲಕ್ಕೆ ಏಳು ವರ್ಷದ ಬಾಲಕನಾಗಿರಬೇಕು. ಆ ಪಟ್ಟಿಯಲ್ಲಿ ಮನೆಮನೆಯ ಜನರ ಹೆಸರು, ವಯಸ್ಸು, ಕಸುಬು ಎಲ್ಲವೂ ಇದ್ದುವು. ಅದು ಈಗಿದ್ದಿದ್ದರೆ ಅವನ ತಂದೆ ತಾಯಿಗಳಾರು, ಮನೆ ಯಾವ ಬೀದಿಯಲ್ಲಿತ್ತು, ಒಡಹುಟ್ಟಿದವರೆಷ್ಟು ಎಂಬುದನ್ನು ಒಂದು ದಿನದಲ್ಲಿ ತಿಳಿಯಬಹುದಾಗಿತ್ತು. ಆದರೆ ೧೯೨೨ನೆಯ ಜೂನ್ ೩೦ರಂದು, ಐರ್ಲೆಂಡಿನ ಅಂತಃಕಲಹದ ಆರಂಭದಲ್ಲಿ, ಡಬ್ಲಿನ್ನಿನ ‘ಫೋರ್ ಕೋರ್ಟ್ಸ್’ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರವು ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಏಳು ನೂರು ವರ್ಷಗಳ ಕಾಗದಪತ್ರಗಳು ಉರಿದುಹೋದುವು. ಸುಟ್ಟ ಹಾಳೆಗಳು ಗಾಳಿಗೆ ಹಾರಿ ನಗರದ ಮೇಲೆಲ್ಲ ಉದುರಿದುವು. ೧೮೨೧ರಿಂದ ೧೮೫೧ರ ವರೆಗಿನ ನಾಲ್ಕು ಜನಗಣತಿಗಳ ಪಟ್ಟಿಗಳಲ್ಲಿ ಅಳಿದುಳಿದ ಚೂರುಗಳು ಮಾತ್ರ ನಮಗೆ ದಕ್ಕಿವೆ. ೧೮೬೧ರಿಂದ ೧೮೯೧ರ ವರೆಗಿನ ಪಟ್ಟಿಗಳನ್ನಾದರೋ ಬೆಂಕಿಯು ಮುಟ್ಟುವ ಮೊದಲೇ ಸರಕಾರದ ಅಪ್ಪಣೆಯಿಂದಲೇ ನಾಶಪಡಿಸಲಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದ ಕಾಗದದ ಅಭಾವವೂ ಅದಕ್ಕೆ ಒಂದು ಕಾರಣವಾಯಿತು. ಕಲಹವು ಸುಟ್ಟುದನ್ನು ಕುರಿತು ಎಲ್ಲರೂ ಮರುಗುವರು. ಕಚೇರಿಯ ಅಲಕ್ಷ್ಯವು ಸದ್ದಿಲ್ಲದೆ ಕೊಂದುದು ಅದಕ್ಕೇನೂ ಕಡಿಮೆಯದಲ್ಲ.

ಕ್ಯಾಥೊಲಿಕ್ ದೇವಾಲಯಗಳ ಜ್ಞಾನಸ್ನಾನದ ಪುಸ್ತಕಗಳು ಆಯಾ ದೇವಾಲಯದಲ್ಲಿಯೇ ಇದ್ದುದರಿಂದ ಆ ಬೆಂಕಿಯಿಂದ ತಪ್ಪಿಸಿಕೊಂಡುವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಅವುಗಳ ಛಾಯಾಪ್ರತಿಗಳನ್ನು ೨೦೧೫ರಲ್ಲಿ ಸರ್ವರಿಗೂ ದೊರೆಯುವಂತೆ ತೆರೆದಿಟ್ಟಿದೆ. ಆದರೆ ಓರೂರ್ಕ್ ಎಂಬ ಮನೆತನದ ಹೆಸರು ಆ ನಾಡಿನಲ್ಲಿ ಬಹಳ. ಹೆಸರು ಸಿಕ್ಕಿದ ಮಾತ್ರಕ್ಕೆ ಮನುಷ್ಯನು ಸಿಕ್ಕಿದಂತಾಗದು. ತಂದೆಯ ಹೆಸರೋ ಬೀದಿಯ ಹೆಸರೋ ಮತ್ತೊಂದು ಕಡೆಯಿಂದ ಬಂದು ಕೂಡದೆ ಇದ್ದರೆ, ಯಾವನೋ ಒಬ್ಬ ಎಡ್ಮಂಡನ ಶೈಶವವನ್ನು ನಮ್ಮವನಿಗೆ ಹೊದಿಸಿದಂತಾದೀತು.

ತಾಯ್ನಾಡಿನ ದಾಖಲೆಗಳು ಹೀಗೆ ಬೂದಿಯಾಗಿರುವಲ್ಲಿ ಅವನ ಕೃತಿಗಳನ್ನು ಉಳಿಸಿಕೊಟ್ಟವರು ಯಾರು? ಇದಕ್ಕೆ ಉತ್ತರವು ಆಶ್ಚರ್ಯಕರವಾಗಿದೆ: ನಾಟಕಗಳನ್ನು ಸಂದೇಹದಿಂದ ನೋಡುತ್ತಿದ್ದ ಸರಕಾರ. ಬ್ರಿಟನ್ನಿನಲ್ಲಿ ೧೭೩೭ರ ಶಾಸನದಿಂದ, ಮತ್ತೆ ೧೮೪೩ರ ಶಾಸನದಿಂದ, ಯಾವ ಹೊಸ ನಾಟಕವನ್ನೇ ಆಗಲಿ ಆಡುವ ಮುನ್ನ ಅದರ ಪ್ರತಿಯನ್ನು ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಗೆ ಒಪ್ಪಿಸಿ ಅನುಮತಿ ಪಡೆಯಬೇಕಾಗಿತ್ತು. ರಾಜದ್ರೋಹ, ಅಶ್ಲೀಲ, ಧರ್ಮನಿಂದೆ ಇವುಗಳನ್ನು ಹುಡುಕುವುದು ಅಲ್ಲಿನ ಪರೀಕ್ಷಕರ ಕೆಲಸ. ಈ ಪದ್ಧತಿಯು ೧೯೬೮ರಲ್ಲಿ ರದ್ದಾಯಿತು. ೧೮೨೪ರಿಂದ ಹೀಗೆ ಕೂಡಿದ ಸಹಸ್ರಾವಧಿ ಪ್ರತಿಗಳು ಇಂದು ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಅಚ್ಚನ್ನೇ ಕಾಣದೆ ಹೋದ ಎಷ್ಟೋ ನಾಟಕಗಳು ಅಲ್ಲಿ ಹಸ್ತಪ್ರತಿಯಾಗಿ ಬದುಕಿವೆ. ೧೮೪೩ರ ಶಾಸನವು ಐರ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಫಾಲ್ಕನರನು ತನ್ನ ಊರಿನಲ್ಲಿಯೇ ನಿಂತು ಅಲ್ಲಿ ಮಾತ್ರವೇ ನಾಟಕವಾಡಿದ್ದರೆ ಈ ಭಂಡಾರವು ಅವನ ಒಂದು ಸಾಲನ್ನಾದರೂ ಕಾಪಾಡುತ್ತಿರಲಿಲ್ಲ. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದುದರಿಂದ ಅವನ ಬರಹವು ಕಾವಲುಗಾರನ ಪೆಟ್ಟಿಗೆಯಲ್ಲಿ ಸುರಕ್ಷಿತವಾಯಿತು. ಪ್ರೀತಿಯಿಂದ ಇಟ್ಟುಕೊಂಡುದು ಕಳೆದುಹೋಗಿ, ಸಂಶಯದಿಂದ ಇಟ್ಟುಕೊಂಡುದು ಉಳಿಯುವುದು ಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ.

ಆದರೆ ಈ ಸಾಕ್ಷಿಗೂ ಮಿತಿಯುಂಟು. ಕಚೇರಿಗೆ ಹೋದುದು ಆಡಬೇಕೆಂದಿದ್ದ ನಾಟಕ, ಆಡಿದ ನಾಟಕವಲ್ಲ. ರಂಗದ ಮೇಲೆ ಏನಾಯಿತೆಂಬುದಕ್ಕೆ ವೃತ್ತಪತ್ರಿಕೆಗಳನ್ನು ನೋಡಬೇಕು. ೧೮೩೮ರಿಂದ ೧೯೩೯ರ ವರೆಗೆ ನಡೆದ ‘ದಿ ಈರಾ’ ಎಂಬ ವಾರಪತ್ರಿಕೆಯು ನಾಟಕವೃತ್ತಿಯವರ ಮುಖವಾಣಿಯಂತಿತ್ತು. ಯಾವ ಊರಿನಲ್ಲಿ ಯಾರು ಯಾವ ಪಾತ್ರವನ್ನು ವಹಿಸಿದರೆಂಬ ಸುದ್ದಿಯನ್ನು ವಾರವಾರವೂ ಕೊಡುತ್ತಿತ್ತು. ಫಾಲ್ಕನರನು ಊರಿಂದೂರಿಗೆ ಅಲೆದ ವರ್ಷಗಳನ್ನು ಕಟ್ಟಿಕೊಳ್ಳಬೇಕಾದವನು ಇಂತಹ ಸಣ್ಣ ಸುದ್ದಿಗಳನ್ನು ಜೋಳವನ್ನು ಆಯುವಂತೆ ಆಯಬೇಕು.

ಸುದ್ದಿಗೂ ದಂತಕಥೆಗೂ ಇರುವ ಅಂತರವನ್ನು ತೋರಿಸಲು ‘ಊನಾ’ ನಾಟಕವೇ ಸಾಕು. ಅದು ವಿಲಿಯಂ ಕಾರ್ಲ್‌ಟನ್ ಎಂಬ ಕಾದಂಬರಿಕಾರನ ಕಥೆಯನ್ನು ಆಧರಿಸಿದುದು. ಮೊದಲ ರಾತ್ರಿ ನಾಟಕವು ನಡುರಾತ್ರಿ ದಾಟಿ ಎಷ್ಟು ಹೊತ್ತಾದರೂ ಮುಗಿಯದಿರಲು, ರಂಗದ ಬಡಗಿಗಳೇ ಬೇಸತ್ತು ತೆರೆಯನ್ನಿಳಿಸಿ ಮನೆಗೆ ಹೊರಟರೆಂದು ಹೇಳುವರು. ಈ ಕಥೆಯು ಎಷ್ಟು ರುಚಿಕರವಾಗಿದೆಯೆಂದರೆ, ಫಾಲ್ಕನರನ ವಿಷಯದಲ್ಲಿ ಬೇರೇನನ್ನೂ ಅರಿಯದವರು ಇದೊಂದನ್ನು ಹೇಳಬಲ್ಲರು. ಶೋಧಕನು ಇಂತಹ ಕಥೆಯನ್ನು ಅಲ್ಲಗಳೆಯಲೂ ಬೇಕಾಗಿಲ್ಲ, ನುಂಗಿಬಿಡಲೂ ಬೇಕಾಗಿಲ್ಲ. ಮರುದಿನದ ಪತ್ರಿಕೆಗಳ ಮಾತೇನು, ವರ್ಷಗಳು ಕಳೆದ ಮೇಲೆ ಬರೆದ ನೆನಪುಗಳ ಮಾತೇನು ಎಂದು ಬೇರ್ಪಡಿಸಿ ನೋಡಬೇಕು. ನಗೆಪಾಟಲಾದ ಒಂದು ರಾತ್ರಿಯನ್ನು ನೆನಪಿಟ್ಟುಕೊಂಡ ಲೋಕವು ‘ಪೀಪ್ ಓ ಡೇ’ ನಾಟಕಕ್ಕೆ ಜನರು ತುಂಬಿ ಬಂದ ನೂರಾರು ರಾತ್ರಿಗಳನ್ನು ಮರೆಯಿತು. ಲೋಕದ ನೆನಪು ನ್ಯಾಯದ ತಕ್ಕಡಿಯಲ್ಲ. ಆದುದರಿಂದಲೇ ಚರಿತ್ರಕಾರನ ಆವಶ್ಯಕತೆ.

ಕೊನೆಗೆ ಆ ಹಾಡಿನ ವಿಷಯ. ಕಿಲಾರ್ನಿಯು ಐರ್ಲೆಂಡಿನ ನೈರುತ್ಯದಲ್ಲಿರುವ ಕೆರಿ ಪ್ರಾಂತದ ಊರು. ಸರೋವರಗಳಿಂದಲೂ ಬೆಟ್ಟಗಳಿಂದಲೂ ಬಹು ರಮಣೀಯವಾದುದು. ೧೮೫೩ರಲ್ಲಿ ಅಲ್ಲಿಗೆ ರೈಲುದಾರಿಯು ಬಂದಿತು. ೧೮೬೧ರಲ್ಲಿ ವಿಕ್ಟೋರಿಯಾ ರಾಣಿಯವರು ಅಲ್ಲಿಗೆ ಭೇಟಿಕೊಟ್ಟರು. ಆಗ ಲಂಡನ್ನಿನ ಸಿರಿವಂತರಿಗೆ ಅದು ನೋಡಬೇಕಾದ ಸ್ಥಳವಾಯಿತು. ಆದರೆ ಆ ದೇಶದ ಮೇಲೆ ೧೮೪೫ರಿಂದ ಬಂದ ಮಹಾಕ್ಷಾಮದ ಗಾಯವು ಆಗಿನ್ನೂ ಹಸಿಯಾಗಿತ್ತು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅಷ್ಟೇ ಜನರು, ಅಥವಾ ಅದಕ್ಕೂ ಹೆಚ್ಚು, ಕಡಲನ್ನು ದಾಟಿಹೋದರು. ಫಾಲ್ಕನರನ ಸಾಹಿತ್ಯವೂ ಬಾಲ್ಫನ ಸಂಗೀತವೂ ಸೇರಿ ಹುಟ್ಟಿದ ಈ ಗೀತವು ಒಬ್ಬರಿಗೆ ಪ್ರವಾಸದ ಆಹ್ವಾನವಾಯಿತು; ಮತ್ತೊಬ್ಬರಿಗೆ ಇನ್ನೆಂದೂ ನೋಡಲಾಗದ ನಾಡಿನ ಚಿತ್ರವಾಯಿತು. ಮನೆಯ ಪಿಯಾನೋ ಮುಂದೆಯೂ ಹಡಗಿನ ಮೇಲೂ ಹಾಡುವವರಿಗೆ ಕವಿಯ ಹೆಸರು ಬೇಕಾಗಲಿಲ್ಲ. ಹಾಡಿನ ಪ್ರಚಾರ ಬೆಳೆದಷ್ಟೂ ಅದು ಎಲ್ಲರದೂ ಆಗಿ, ಯಾರದೂ ಅಲ್ಲದಂತಾಯಿತು.

೧೯೧೪ರಲ್ಲಿ ಪ್ರಕಟವಾದ ಜೇಮ್ಸ್ ಜಾಯ್ಸನ ಡಬ್ಲಿನ್ ಕಥೆಗಳಲ್ಲಿ ಒಂದು ಸಂಗೀತಸಭೆಯ ಪ್ರಸಂಗವು ಬರುತ್ತದೆ. ಅಲ್ಲಿ ಲಂಡನ್ನಿನಿಂದ ಬಂದ ಗಾಯಕಿಯೊಬ್ಬಳು ಇದೇ ಹಾಡನ್ನು ಹಳೆಯ ಮಾದರಿಯಲ್ಲಿ ಹಾಡುವಳು. ಸಭಿಕರಿಗೆ ಅದು ರುಚಿಸುವುದಿಲ್ಲ. ಅದೇ ಗ್ರಂಥಕರ್ತನ ‘ಯೂಲಿಸಿಸ್’ ಕಾದಂಬರಿಯಲ್ಲಿ ‘ರೋಸ್ ಆಫ್ ಕ್ಯಾಸ್ಟೀಲ್’ ಎಂಬ ಹೆಸರೊಂದು ಶಬ್ದಚಮತ್ಕಾರದ ಒಗಟಾಗಿ ಬರುತ್ತದೆ. ಎರಡು ಕಡೆಯಲ್ಲಿಯೂ ಫಾಲ್ಕನರನ ಕೃತಿಯಿದೆ, ಫಾಲ್ಕನರನಿಲ್ಲ. ಡಬ್ಲಿನ್ನಿನ ಹಿರಿಯ ಕಥೆಗಾರನ ಪುಟಗಳಲ್ಲಿ ಡಬ್ಲಿನ್ನಿನ ಮರೆತುಹೋದ ಗೀತಕಾರನು ಅನಾಮಧೇಯನಾಗಿ ನಿಂತಿರುವನು. ಸಾವಿರಾರು ವಿದ್ಯಾರ್ಥಿಗಳು ಆ ಪುಟಗಳನ್ನು ತಿರುವುವರು. ಹಾಡು ಯಾರದೆಂದು ಕೇಳುವವರು ಎಲ್ಲಿಯೋ ಒಬ್ಬರು.

ಮಹನೀಯರೆ, ಇಂತಹ ಒಬ್ಬನನ್ನು ಹುಡುಕಿ ಏನು ಪ್ರಯೋಜನವೆಂದು ಕೇಳಬಹುದು. ಅವನು ಷೇಕ್ಸ್‌ಪಿಯರನಲ್ಲ, ಅವನ ನಾಟಕಗಳು ಕಾಲದ ಪರೀಕ್ಷೆಯನ್ನು ಗೆದ್ದುವೆಂದು ನಾನೂ ಹೇಳಲಾರೆನು. ಆದರೆ ಕ್ಷಾಮದಿಂದ ಚದರಿದ ಒಂದು ಜನಾಂಗವು ಪರನಾಡಿನ ನಾಟಕಶಾಲೆಯಲ್ಲಿ ಕುಳಿತು ತನ್ನ ನಾಡನ್ನು ಹೇಗೆ ಕಂಡಿತು, ಆಳುವವರ ಮುಂದೆ ತನ್ನನ್ನು ಹೇಗೆ ತೋರಿಸಿಕೊಂಡಿತು ಎಂಬುದನ್ನು ಅರಿಯಬೇಕಾದರೆ ಬೂಸಿಕೋವಿನಂತಹ ಒಬ್ಬ ಪ್ರಸಿದ್ಧನು ಸಾಲದು. ಅವನ ಪಕ್ಕದಲ್ಲಿ ಸೇವಕನ ಪಾತ್ರವನ್ನು ವಹಿಸಿದವನ ಬಾಳೂ ಬೇಕು. ಶಿಖರವನ್ನು ಮಾತ್ರ ಅಳೆದವನು ಬೆಟ್ಟವನ್ನು ಅಳೆದವನಾಗಲಾರನು. ಕಾಯಕವನ್ನು ಮಾಡಿದವನಿಗೆ ಅವನ ಕಾಯಕದ ಲೆಕ್ಕವನ್ನು ಸಲ್ಲಿಸುವುದು ಉಳಿದವರ ಕರ್ತವ್ಯವೆಂಬ ಮಾತನ್ನು ಈ ಸನ್ನಿಧಿಯಲ್ಲಿ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ಹೇಳಿ ಮುಗಿಸುವೆನು. ಡಬ್ಲಿನ್ನಿನ ಭಂಡಾರವು ಉರಿಯುವುದಕ್ಕೆ ಮೂರು ವರ್ಷ ಮೊದಲು, ೧೯೧೯ರಲ್ಲಿ, ಅಲ್ಲಿನ ಅಧಿಕಾರಿಯಾಗಿದ್ದ ಹರ್ಬರ್ಟ್ ವುಡ್ ಎಂಬವನು ಅಲ್ಲಿದ್ದ ದಾಖಲೆಗಳ ಸೂಚಿಯೊಂದನ್ನು ಅಚ್ಚು ಮಾಡಿಸಿದ್ದನು. ದಾಖಲೆಗಳು ಹೋದುವು, ಸೂಚಿಯು ಉಳಿಯಿತು. ಏನೇನು ಕಳೆಯಿತೆಂದು ಲೋಕಕ್ಕೆ ತಿಳಿದುದು ಅದರಿಂದಲೇ. ನೂರು ವರ್ಷಗಳಾದ ಮೇಲೆ ಐರಿಷ್ ವಿದ್ವಾಂಸರು ಆ ಸೂಚಿಯನ್ನೇ ಕೈದೀವಿಗೆಯಾಗಿ ಹಿಡಿದು, ಬೇರೆಬೇರೆ ಗ್ರಂಥಾಲಯಗಳಲ್ಲಿ ಉಳಿದಿದ್ದ ನಕಲುಗಳನ್ನೂ ಸಾರಾಂಶಗಳನ್ನೂ ಹುಡುಕಿ ಕೂಡಿಸಿ, ೨೦೨೨ರ ಜೂನ್ ತಿಂಗಳಲ್ಲಿ ಗಣಕಯಂತ್ರದ ಮೂಲಕ ಎಲ್ಲರೂ ನೋಡಬಹುದಾದ ಹೊಸ ಭಂಡಾರವನ್ನು ತೆರೆದರು. ಸುಟ್ಟುದೆಲ್ಲವೂ ಹಿಂದಕ್ಕೆ ಬರಲಿಲ್ಲ, ಬರುವಂತೆಯೂ ಇಲ್ಲ. ಆದರೆ ಒಬ್ಬ ಗುಮಾಸ್ತನ ಶ್ರದ್ಧೆಯು ಬೆಂಕಿಯ ಬಾಯಿಂದ ಇಷ್ಟನ್ನಾದರೂ ಬಿಡಿಸಿತು.

ನಮ್ಮ ಮಠಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಓಲೆಗರಿಗಳಿವೆ, ಕಡತಗಳಿವೆ, ದಾಸೋಹದ ಲೆಕ್ಕದ ಪುಸ್ತಕಗಳಿವೆ. ಅವುಗಳಲ್ಲಿ ಹಾಡಿದವರ, ಓಲೆಗೆ ನಕಲು ಬರೆದವರ, ಪುರಾಣ ಹೇಳಿದವರ, ಅಡುಗೆ ಮಾಡಿದವರ ಹೆಸರುಗಳು ಅಲ್ಲೊಂದು ಇಲ್ಲೊಂದು ಇರಲೇಬೇಕು. ಅವೆಲ್ಲವನ್ನೂ ಅಚ್ಚು ಹಾಕಿಸುವುದು ನಮ್ಮ ಶಕ್ತಿಗೆ ಮೀರಿದುದಾಗಬಹುದು. ಪಟ್ಟಿಯೊಂದನ್ನು ಬರೆದಿಡುವುದು ಮೀರಿದುದಲ್ಲ. ಯಾವ ಕಪಾಟಿನಲ್ಲಿ ಯಾವ ಕಟ್ಟು ಇದೆ, ಅದರಲ್ಲಿ ಎಷ್ಟು ಗರಿಗಳಿವೆ, ಮೊದಲಲ್ಲಿ ಏನಿದೆ, ಕಡೆಯಲ್ಲಿ ಏನಿದೆ, ಬರೆದವನು ತನ್ನ ಹೆಸರನ್ನು ಹೇಳಿಕೊಂಡಿರುವನೇ ಎಂಬಷ್ಟನ್ನು ಗುರುತುಮಾಡಿದರೆ ಸಾಕು. ಆ ಪಟ್ಟಿಯ ಎರಡು ಪ್ರತಿಗಳನ್ನು ಎರಡು ಊರುಗಳಲ್ಲಿ ಇರಿಸಿದರೆ ಇನ್ನೂ ಲೇಸು. ಮಹೋತ್ಸವದ ಈ ವರ್ಷದಲ್ಲಿಯೇ ಆ ಕಾರ್ಯಕ್ಕೆ ಮೊದಲಾಗಲೆಂದು ಶ್ರೀಗಳವರ ಪಾದಗಳಲ್ಲಿ ಬಿನ್ನವಿಸಿಕೊಳ್ಳುತ್ತೇನೆ.